ಅಬ್ಬರದೊಳಗಿನ ಶಾಂತಿ

ವೇಗವೂ ಕರ್ಕಶತೆಯೂ ಬೆರೆತ ರಾಕ್ ಸಂಗೀತದ ಒಂದು ಪ್ರಕಾರಕ್ಕೆ ಪಂಕ್ ಎಂದು ಹೆಸರು. 1977ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದಲ್ಲಿ 'ಕ್ರ್ಯಾಸ್' ಎಂಬ ಪಂಕ್ ತಂಡವು ಹುಟ್ಟಿತು. ಅದರ ಸದಸ್ಯರು ಸೈನಿಕರಂತೆ ಕಪ್ಪು ಉಡುಪು ತೊಟ್ಟು, ವೇದಿಕೆಯಲ್ಲಿ ಬಾವುಟಗಳನ್ನು ಕಟ್ಟಿ, ಅಬ್ಬರಿಸಿ ಹಾಡುತ್ತಿದ್ದರು. ಇದನ್ನು ಕಂಡ ಕೆಲವರು ಅವರನ್ನು ಸರ್ವಾಧಿಕಾರದ ಆರಾಧಕರೆಂದೇ ಬಗೆದರು. ಆದರೆ ಅವರ ಧ್ಯೇಯವು ಶಾಂತಿ. ಅಣ್ವಸ್ತ್ರಗಳನ್ನೂ 1982ರ ಫಾಕ್‌ಲೆಂಡ್ ಯುದ್ಧವನ್ನೂ ಅವರು ಬಹಿರಂಗವಾಗಿ ಖಂಡಿಸಿದರು. ಅವರ ಲಾಂಛನದಲ್ಲಿ ತನ್ನನ್ನೇ ನುಂಗುವ ಹಾವಿತ್ತು. ಅಧಿಕಾರವು ಕಡೆಗೆ ತನ್ನನ್ನೇ ನಾಶಮಾಡಿಕೊಳ್ಳುತ್ತದೆಂಬುದು ಅದರ ಇಂಗಿತ. 1984ರಲ್ಲಿ ತಂಡವು ವಿಸರ್ಜನೆಗೊಂಡಿತು. ಉಗ್ರವಾದ ರೂಪವು ಸೌಮ್ಯವಾದ ಆಶಯವನ್ನು ಮರೆಮಾಡುವ ಅಪಾಯ ಉಂಟು, ನಿಜ. ಆದರೂ ಕಹಿಯಾದ ಬೇವಿನಲ್ಲಿ ಔಷಧವಿರುವಂತೆ, ಒರಟು ದನಿಯಲ್ಲಿಯೂ ಕರುಣೆ ಇರಬಲ್ಲದು. ಆದುದರಿಂದ ವೇಷವನ್ನಷ್ಟೇ ನೋಡಿ ತೀರ್ಪು ನೀಡದೆ, ಮಾತಿನ ಅರ್ಥವನ್ನೂ ಅರಸಬೇಕು.