ರೈನ್‌ಕೋಟಿನೊಳಗಿನ ಮಳೆ

ಮಲ್ಲತ್ತಹಳ್ಳಿಯ ಅಂಬೇಡ್ಕರ್ ತಾಂತ್ರಿಕ ಕಾಲೇಜಿನ ಆಸುಪಾಸಿನಲ್ಲಿ ಸಂಜೆ ಮಳೆ ಹಿಡಿದರೆ ಸ್ಕೂಟರುಗಳೆಲ್ಲ ರಸ್ತೆಬದಿಗೆ ಸರಿಯುತ್ತವೆ, ಸೀಟಿನಡಿಯಿಂದ ಮುದುರಿದ ರೈನ್‌ಕೋಟುಗಳು ಹೊರಬರುತ್ತವೆ. ನಾಗರಭಾವಿ ದಾಟಿ ವಿಜಯನಗರ ಮುಟ್ಟುವಷ್ಟರಲ್ಲಿ ಕೋಟಿನ ಹೊರಗೂ ಒದ್ದೆ, ಒಳಗೂ ಒದ್ದೆ. ಕೋಟು ಸೋರಿತೆಂದು ಅಂಗಡಿಯವರನ್ನು ಬೈಯುತ್ತೇವೆ. ಎಷ್ಟೋ ಸಲ ಅದು ಮಳೆನೀರೇ ಅಲ್ಲ, ನಮ್ಮದೇ ಬೆವರು.

ಇಂಗ್ಲಿಷರು ರೈನ್‌ಕೋಟಿಗೆ ‘ಮ್ಯಾಕಿಂಟಾಶ್’ ಎನ್ನುವುದು ಒಬ್ಬ ಮನುಷ್ಯನ ಹೆಸರಿನಿಂದ. ಗ್ಲಾಸ್ಗೋದ ರಸಾಯನತಜ್ಞ ಚಾರ್ಲ್ಸ್ ಮ್ಯಾಕಿಂಟಾಶ್‌ಗೆ ಬಣ್ಣ ತಯಾರಿಸಲು ಅಮೋನಿಯಾ ಬೇಕಿತ್ತು. ಅದಕ್ಕಾಗಿ ಗ್ಯಾಸ್ ಕಾರ್ಖಾನೆಯ ಡಾಂಬರು ತರಿಸಿದ. ಅಮೋನಿಯಾ ತೆಗೆದ ಮೇಲೆ ನಾಫ್ತಾ ಉಳಿಯಿತು. ಅದರಲ್ಲಿ ರಬ್ಬರು ಕರಗುತ್ತದೆಂದು ಎಡಿನ್‌ಬರೋದ ವೈದ್ಯ ವಿದ್ಯಾರ್ಥಿ ಜೇಮ್ಸ್ ಸೈಮ್ 1818ರಲ್ಲೇ ಕಂಡುಕೊಂಡಿದ್ದ. ಆ ದ್ರಾವಣವನ್ನು ಎರಡು ಬಟ್ಟೆಗಳ ನಡುವೆ ಬಳಿದು ಮ್ಯಾಕಿಂಟಾಶ್ 1823ರಲ್ಲಿ ಪೇಟೆಂಟ್ ಪಡೆದ. ಅವನ ಹೆಸರಿನ ಸ್ಪೆಲಿಂಗಿನಲ್ಲಿ ‘ಕೆ’ ಅಕ್ಷರವಿರಲಿಲ್ಲ. ಕೋಟಿಗೆ ಮಾತ್ರ ಅದು ಹೇಗೋ ಅಂಟಿಕೊಂಡಿತು.

ಅಂಟುವುದೇ ಆ ಕೋಟಿನ ಸ್ವಭಾವವಾಗಿತ್ತೆನ್ನಿ. ಸೆಕೆಗೆ ಜಿಗುಟು, ಚಳಿಗೆ ಬಿರುಸು, ದರ್ಜಿಯ ಸೂಜಿ ಚುಚ್ಚಿದಲ್ಲೆಲ್ಲ ಸೋರಿಕೆ. ರಬ್ಬರನ್ನು ಗಂಧಕದ ಜೊತೆ ಕಾಯಿಸುವ ವಿಧಾನಕ್ಕೆ 1844ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಪೇಟೆಂಟ್ ಪಡೆದ. ಅದರಿಂದ ಜಿಗುಟು ತಪ್ಪಿತು, ಬೆವರಿನ ಕಾಟ ತಪ್ಪಲಿಲ್ಲ. ನೀರನ್ನು ಒಳಗೆ ಬಿಡದ ರಬ್ಬರು ಆವಿಯನ್ನೂ ಹೊರಗೆ ಬಿಡದು. ಮೈಯಿಂದೆದ್ದ ಆವಿ, ಮಳೆಗೆ ತಣ್ಣಗಾದ ಕೋಟಿನ ಒಳಮೈಗೆ ತಾಗಿ ಹನಿಗಟ್ಟುತ್ತದೆ.

ಮಲೆನಾಡಿನ ಗೊರಬಿಗೆ ಈ ತೊಂದರೆಯೇ ಇಲ್ಲ. ಬಿದಿರಿನ ಹಂದರಕ್ಕೆ ಎಲೆ ಹೊದಿಸಿದ ಅದು ತಲೆ, ಬೆನ್ನು ಮುಚ್ಚುತ್ತದೆ, ಮುಂದೆ ತೆರೆದೇ ಇರುತ್ತದೆ. ಬಗ್ಗಿ ನಾಟಿ ಮಾಡುವವರಿಗೆ ಬೇಕಾದದ್ದು ಅಷ್ಟೇ. ಕಂಬಳಿ ಕೊಪ್ಪೆಯ ಜಾಣತನ ಇನ್ನೂ ಸೂಕ್ಷ್ಮ. ಉಣ್ಣೆಯ ಎಳೆಯ ಹೊರಮೈಯಲ್ಲಿ ಜಿಡ್ಡಿನ ತೆಳು ಪದರವಿದ್ದು ಹನಿ ಜಾರಿಹೋಗುತ್ತದೆ. ಎಳೆಯ ಒಳಭಾಗವೋ ಆವಿಯನ್ನು ಹೀರುತ್ತದೆ, ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು. ಹೀರುವಾಗ ಒಂದಿಷ್ಟು ಶಾಖವೂ ಹುಟ್ಟುತ್ತದೆ. ಚಳ್ಳಕೆರೆ ಸೀಮೆಯ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕುವುದರಿಂದ ನೇಯ್ಗೆ ಬಿಗಿಯಾಗುತ್ತದೆ. ಆದರೆ ಜಡಿಮಳೆಯಲ್ಲಿ ನೆನೆದ ಕಂಬಳಿಯ ಭಾರ ಹೊತ್ತವರಿಗೇ ಗೊತ್ತು. ಸ್ಕೂಟರಿಗೆ ಅದು ಒಗ್ಗದು.

1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನನ್ನು ಥಟ್ಟನೆ ಎಳೆದಾಗ ಅದರ ತುಂಬ ಅತಿಸೂಕ್ಷ್ಮ ರಂಧ್ರಗಳೆದ್ದವು. ಹನಿ ಒಳಗೆ ತೂರದ, ಆವಿ ಹೊರಗೆ ಹೋಗುವ ಬಟ್ಟೆ ಬಂದದ್ದು ಹಾಗೆ. ಬೆಲೆ ಮಾತ್ರ ಕೈಗೆಟುಕದು. ಹೊರಗಿನ ಗಾಳಿಯೇ ತೇವ ತುಂಬಿ ಕೂತಿದ್ದರೆ ಅದರ ಆಟವೂ ಅಷ್ಟಾಗಿ ನಡೆಯದು.

ಆದ್ದರಿಂದ ಸಾಮಾನ್ಯ ಕೋಟು ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಒಳಗಡೆ ತಿರುವಿ ನೋಡಿ. ಹೊಲಿಗೆಯ ಮೇಲೆ ಟೇಪು ಅಂಟಿಸಿರಬೇಕು, ಬೆನ್ನಿಗೋ ಕಂಕುಳಿಗೋ ಗಾಳಿಯಾಡುವ ಜಾಲರಿ ಇರಬೇಕು. ಮನೆಗೆ ಬಂದ ಮೇಲೆ ಒದ್ದೆ ಕೋಟನ್ನು ಸೀಟಿನಡಿ ತುರುಕದೆ ನೆರಳಲ್ಲಿ ಹರವಿ ಒಣಗಿಸಿ.