ಎದೆಯ ಸ್ಕ್ಯಾನಿಂಗ್: ಅಂಜಿಕೆಯೂ ಬೇಡ, ಸಂಕೋಚವೂ ಬೇಡ

ಮನೆಯಲ್ಲಿ ಯಾರು ಕೆಮ್ಮಿದರೂ ಮೊದಲು ಎಚ್ಚರವಾಗುವವಳು ಗೃಹಿಣಿ. ಆದರೆ ತನಗೇ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ತೇಕು ಬಂದರೆ, ಸಂಜೆಯಾಗುತ್ತಲೇ ಕಾಲು ಬಾತುಕೊಂಡರೆ, "ನಿಶ್ಶಕ್ತಿ ಆಗೇತಿ, ಎರಡು ದಿನಕ್ಕ ಸರಿ ಹೋಗ್ತೈತಿ" ಎಂದು ಸುಮ್ಮನಾಗುತ್ತಾಳೆ. ಬಾದಾಮಿ, ಹುನಗುಂದ, ಇಳಕಲ್ ಕಡೆ ಕಿವಿಗೆ ಬೀಳುವ ಮಾತು ಇದೇ. ಡಾಕ್ಟರು ಪರೀಕ್ಷಿಸಿ, "ಬಾಗಲಕೋಟಿಗೆ ಹೋಗಿ ಒಮ್ಮೆ ಎಕೋ ಮಾಡಿಸಿಕೊಂಡು ಬರ್ರಿ" ಎಂದು ಬರೆದುಕೊಟ್ಟ ಚೀಟಿ ತಿಂಗಳುಗಟ್ಟಲೆ ಮಾಡದಲ್ಲೇ ಉಳಿಯುತ್ತದೆ. ಕಾರಣ ಎರಡು: ಒಂದು ಅಂಜಿಕೆ, ಇನ್ನೊಂದು ನಾಚಿಕೆ. ಸೋದರಿಯರೇ, ಎರಡಕ್ಕೂ ಇಲ್ಲಿ ಎಡೆಯಿಲ್ಲ.

ಎಕೋ ಎಂದರೇನು?

ಎಕೋ ಎಂದರೆ ಪ್ರತಿಧ್ವನಿ. ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಬಟ್ಟೆ ಒಗೆಯುವ ಸಪ್ಪಳ ಬಂಡೆಗೆ ಬಡಿದು ಮರಳಿ ಬರುವುದನ್ನು ಕೇಳಿದ್ದೀರಲ್ಲವೆ? ಈ ಯಂತ್ರದ ಕೆಲಸವೂ ಹಾಗೆಯೇ. ನಮ್ಮ ಕಿವಿಗೆ ಕೇಳಿಸದಷ್ಟು ಸೂಕ್ಷ್ಮವಾದ ಶಬ್ದವನ್ನು ಎದೆಯೊಳಗೆ ಕಳಿಸುತ್ತದೆ. ಅದು ಹೃದಯಕ್ಕೆ ತಾಗಿ ಮರಳಿದಾಗ, ಬಡಿಯುತ್ತಿರುವ ಹೃದಯದ ಚಿತ್ರ ಪರದೆಯ ಮೇಲೆ ಮೂಡುತ್ತದೆ. ಸೂಜಿಯಿಲ್ಲ, ಕರೆಂಟಿನ ಶಾಕ್ ಇಲ್ಲ, ಎಕ್ಸ್‌ರೇ ಕಿರಣವೂ ಇಲ್ಲ. ಆದ್ದರಿಂದ ಬಸುರಿಯರಿಗೂ ಇದರಿಂದ ತೊಂದರೆಯಿಲ್ಲ.

1953ರಲ್ಲಿ ಸ್ವೀಡನ್ ದೇಶದ ಲುಂಡ್ ಪಟ್ಟಣದಲ್ಲಿ ಡಾಕ್ಟರ್ ಇಂಗೆ ಎಡ್ಲರ್ ಮತ್ತು ವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಇದನ್ನು ಮೊದಲು ಮಾಡಿದರು. ಅವರು ಬಳಸಿದ್ದು ಲೋಹದೊಳಗಿನ ಬಿರುಕು ಹುಡುಕುವ ಯಂತ್ರವನ್ನು! ಸಂತೆಯಲ್ಲಿ ನಾವು ಗಡಿಗೆಯನ್ನು ಬೆರಳಿನಿಂದ ಬಡಿದು, ಸಪ್ಪಳ ಕೇಳಿ ಬಿರುಕಿದೆಯೋ ಇಲ್ಲವೋ ನೋಡುವುದಿಲ್ಲವೆ? ಬಹುಪಾಲು ಅದೇ ಜಾಣತನ.

ಪರೀಕ್ಷೆ ಹೇಗೆ ಮಾಡುತ್ತಾರೆ?

ಸಾಮಾನ್ಯ ಎಕೋಗೆ ಉಪವಾಸ ಬೇಡ. ರೊಟ್ಟಿ ತಿಂದು, ದಿನದ ಗುಳಿಗೆ ತೆಗೆದುಕೊಂಡೇ ಹೋಗಬಹುದು. ಹೊಟ್ಟೆಯ ಸ್ಕ್ಯಾನಿಂಗಿನ ಹಾಗೆ ನೀರು ಕುಡಿದು ತಡೆದುಕೊಂಡು ಕೂಡುವುದೂ ಬೇಡ. ಗಂಟಲಲ್ಲಿ ನಳಿಕೆ ಇಳಿಸಿ ನೋಡುವ ಬೇರೊಂದು ಬಗೆಯ ಎಕೋಗೆ ಮಾತ್ರ ಹೊಟ್ಟೆ ಖಾಲಿ ಇರಬೇಕು. ಅದನ್ನು ಡಾಕ್ಟರೇ ಮೊದಲು ಹೇಳುತ್ತಾರೆ.

ಎಡ ಮಗ್ಗುಲಾಗಿ ಮಲಗಿಸಿ, ಎದೆಗೆ ತಣ್ಣನೆಯ ಜೆಲ್ಲಿ ಹಚ್ಚಿ, ಕೈಯಲ್ಲಿ ಹಿಡಿಯುವ ಸಣ್ಣ ಉಪಕರಣವನ್ನು ಪಕ್ಕೆಲುಬುಗಳ ನಡುವೆ ಆಡಿಸುತ್ತಾರೆ. ಅಲ್ಲಲ್ಲಿ ತುಸು ಒತ್ತುತ್ತಾರೆ. ನಡುವೆ "ಸುಯ್ ಸುಯ್" ಎಂಬ ಸಪ್ಪಳ ಬಂದರೆ ಗಾಬರಿಯಾಗಬೇಡಿ, ರಕ್ತ ಹರಿಯುವುದನ್ನು ಯಂತ್ರ ಹಾಗೆ ಕೇಳಿಸುತ್ತದೆ. ಸಾಮಾನ್ಯವಾಗಿ ಅರ್ಧ ತಾಸಿನೊಳಗೆ ಮುಗಿಯುತ್ತದೆ.

ಮೇಲುಡುಗೆ ಸರಿಸಬೇಕಾಗುತ್ತದೆ ನಿಜ. ಮುಂದೆ ಗಂಟು ಹಾಕುವ ಖಣದ ಕುಪ್ಪಸ ಅಥವಾ ಮುಂದೆ ಹುಕ್ಕಿರುವ ರವಿಕೆ ತೊಟ್ಟು ಹೋದರೆ ಅನುಕೂಲ. ಮೇಲೆ ಹೊದ್ದುಕೊಳ್ಳಲು ಬಟ್ಟೆ ಕೇಳಿ. ಪರೀಕ್ಷೆ ಮಾಡುವವರು ಗಂಡಸರಾದರೆ, "ನರ್ಸಕ್ಕ ಜೊತಿಗಿರಲಿ" ಎಂದು ಹೇಳಿ. ಹಾಗೆ ಕೇಳುವುದರಲ್ಲಿ ತಪ್ಪೇನೂ ಇಲ್ಲ.

ರಿಪೋರ್ಟು ಓದುವಾಗ

ರಿಪೋರ್ಟಿನಲ್ಲಿ ಇ.ಎಫ್. 60 ಎಂದು ಬರೆದಿದ್ದರೆ, "ಅಯ್ಯೋ, ಹೃದಯ ನೂರಕ್ಕೆ ಅರವತ್ತೇ ಕೆಲಸ ಮಾಡಾಕತ್ತೈತಿ!" ಎಂದು ಅಳುವವರಿದ್ದಾರೆ. ಇದು ಪರೀಕ್ಷೆಯ ಅಂಕವಲ್ಲ. ಹೃದಯದ ಎಡ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಎಂಬ ಲೆಕ್ಕ. ಆರೋಗ್ಯವಂತ ಹೃದಯವೂ ಪೂರ್ತಿ ಖಾಲಿಯಾಗುವುದಿಲ್ಲ. 55ರಿಂದ 70 ಇದ್ದರೆ ಚೆನ್ನಾಗಿದೆ ಎಂದೇ ಅರ್ಥ. 40ಕ್ಕಿಂತ ಕೆಳಗಿದ್ದರೆ ಹೃದಯ ಸೋತಿದೆ, ಔಷಧ ಬಿಡಬಾರದು. ಕವಾಟದಲ್ಲಿ "ಟ್ರಿವಿಯಲ್" ಸೋರಿಕೆ ಎಂದಿದ್ದರೆ ಅದು ಆರೋಗ್ಯವಂತರಲ್ಲೂ ಕಾಣುವಂಥದು.

ಇನ್ನೊಂದು ಮಾತು ಮರೆಯಬೇಡಿ. ರಕ್ತನಾಳದಲ್ಲಿರುವ ಬ್ಲಾಕು ಎಕೋದಲ್ಲಿ ನೇರವಾಗಿ ಕಾಣುವುದಿಲ್ಲ. "ಎಕೋ ನಾರ್ಮಲ್ ಬಂದೈತಿ" ಎಂದು ಎದೆನೋವನ್ನು ನುಂಗಿಕೊಂಡು ಕೂಡಬಾರದು. ಎದೆ ಹಿಂಡಿ, ಬೆವರು ಬಂದು, ನೋವು ತೋಳಿಗೋ ದವಡೆಗೋ ಹರಿದರೆ ಕೂಡಲೇ 108ಕ್ಕೆ ಫೋನ್ ಮಾಡಿ.

ಯಾರು ತಡಮಾಡಬಾರದು?

ಚಿಕ್ಕಂದಿನಲ್ಲಿ ಗಂಟಲುನೋವು ಬಂದು, ಆಮೇಲೆ ಜ್ವರ, ಕೀಲುಬಾವು ಕಂಡ ಹುಡುಗಿಯರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಆ ಜ್ವರ ಹೃದಯದ ಕವಾಟವನ್ನು ಕೆಡಿಸಿ ಹೋಗಿರಬಹುದು. ವರ್ಷಗಟ್ಟಲೆ ಏನೂ ತಿಳಿಯುವುದಿಲ್ಲ. ಮದುವೆಯಾಗಿ ಬಸುರಾದಾಗ ಮೈಯಲ್ಲಿ ರಕ್ತದ ಪ್ರಮಾಣ ಸುಮಾರು ಒಂದೂವರೆ ಪಟ್ಟಾಗುತ್ತದೆ. ಕಿರಿದಾದ ಕವಾಟ ಅದನ್ನು ತಾಳಲಾರದು. ರಾತ್ರಿ ಮಲಗಲಾಗದೆ ಎದ್ದು ಕೂಡುವಂಥ ಉಬ್ಬಸ ಬರುತ್ತದೆ, ತಾಯಿಮಗು ಇಬ್ಬರ ಜೀವಕ್ಕೂ ಅಪಾಯ. "ಬಸುರಾದಾಗ ತೇಕು ಬರೂದು ಸಹಜ" ಎಂದು ಅತ್ತೆ ಹೇಳಿದರೂ, ತಾಯಿ ಹೇಳಿದರೂ, ಡಾಕ್ಟರು ಎಕೋ ಬರೆದಿದ್ದರೆ ಮಾಡಿಸಲೇಬೇಕು. ರೋಗ ಮೊದಲೇ ತಿಳಿದರೆ ಔಷಧವಿದೆ. ಬೇಕಾದರೆ ಕಿರಿದಾದ ಕವಾಟವನ್ನು ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆಯೂ ಇದೆ. ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಬರೆದುಕೊಟ್ಟಿದ್ದರೆ ಒಂದನ್ನೂ ತಪ್ಪಿಸಬಾರದು.

ಹೋಗುವ ಮುನ್ನ

ಬಾಗಲಕೋಟೆಯಲ್ಲಿ 2002ರಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಆರಂಭವಾಯಿತು. ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ ಅದಕ್ಕೆ ಸೇರಿದ್ದು. ದೊಡ್ಡ ಚಿಕಿತ್ಸೆಗೆ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಗಳು ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿವೆ. ಯಾವುದೇ ಆಸ್ಪತ್ರೆಗೆ ಹೊರಡುವ ಮುನ್ನ ಎಕೋ ಮಾಡುವ ದಿನ, ವೇಳೆ, ಖರ್ಚು ವಿಚಾರಿಸಿ. ರೇಷನ್ ಕಾರ್ಡು, ಆಧಾರ್ ಕಾರ್ಡು, ಹಳೆಯ ಇ.ಸಿ.ಜಿ., ಹಳೆಯ ರಿಪೋರ್ಟು, ನುಂಗುವ ಗುಳಿಗೆಗಳ ಚೀಟಿ ಒಂದೇ ಚೀಲದಲ್ಲಿರಲಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನೇನು ಸಿಗುತ್ತದೆಂದು ಆಸ್ಪತ್ರೆಯಲ್ಲೇ ಕೇಳಿ.

ಮಗ್ಗದ ಮುಂದೆ ಕೂಡುವವಳಿರಲಿ, ಹೊಲಕ್ಕೆ ಬುತ್ತಿ ಒಯ್ಯುವವಳಿರಲಿ, ಮನೆಯ ಗಾಡಿ ನಡೆಯುವುದು ಅವಳಿಂದಲೇ. ಮಾಡದಲ್ಲಿ ಚೀಟಿ ಇಟ್ಟಿದ್ದರೆ ಇವತ್ತೇ ಕೆಳಗೆ ತೆಗೆಯಿರಿ. ಬಸ್ ಚಾರ್ಜಿಗೂ ಒಂದು ದಿನದ ಕೆಲಸಕ್ಕೂ ಲೆಕ್ಕ ಹಾಕಬೇಡಿ.