ಕಾಫಿ ಸೀಮೆಯ ಧರ್ಮಕೇಂದ್ರಗಳು: ಸೇವೆ ಮತ್ತು ಹೊಣೆ

ಒಂದು ಚರ್ಚು ಮತ್ತು ಅದಕ್ಕೆ ಸೇರಿದ ಊರುಗಳ ಕಥೋಲಿಕ ಸಮುದಾಯವನ್ನು ಧರ್ಮಕೇಂದ್ರ ಎನ್ನುತ್ತಾರೆ. ಅದರ ಮುಖ್ಯಸ್ಥರು ಬಿಷಪರು ನೇಮಿಸಿದ ಧರ್ಮಗುರುಗಳು. ಆದರೆ ಹಾಡು, ಮಕ್ಕಳ ಧರ್ಮೋಪದೇಶ, ಅಂಗಳದ ಸ್ವಚ್ಛತೆ, ಹಬ್ಬದ ಅಡುಗೆ, ಸಾವಿನ ಮನೆಯ ಓಡಾಟ ಎಲ್ಲವೂ ಸಂಬಳವಿಲ್ಲದೆ ದುಡಿಯುವ ಭಕ್ತರ ಕೈಯಲ್ಲಿವೆ. ಮನೆಗಳು ತೋಟದ ನಡುವೆ ದೂರದೂರ ಚದುರಿರುವ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಅವರಿಲ್ಲದೆ ಧರ್ಮಕೇಂದ್ರ ನಡೆಯುವುದೇ ಕಷ್ಟ.

ಈ ಸೀಮೆಯ ಅನೇಕ ಕಥೋಲಿಕ ಕುಟುಂಬಗಳ ಹಿರಿಯರು ಕಾಫಿಯ ಕೆಲಸ ಹುಡುಕಿಕೊಂಡು ಬಂದವರು. ಘಟ್ಟದ ಕೆಳಗಿನಿಂದ ಕೊಂಕಣಿ ಮಾತಿನವರು, ತಮಿಳು ಸೀಮೆಯಿಂದ ಕೂಲಿ ಕುಟುಂಬಗಳು ಬಂದವು. 1963ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಚಿಕ್ಕಮಗಳೂರು ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪರ ಆಡಳಿತಕ್ಕೆ ಸೇರಿದ ಸೀಮೆ, ರೂಪುಗೊಂಡಿತು. ಆಲ್ಫೋನ್ಸಸ್ ಮಥಾಯಸ್ ಅದರ ಮೊದಲ ಬಿಷಪರು. 1988ರಲ್ಲಿ ಶಿವಮೊಗ್ಗ ಪ್ರತ್ಯೇಕವಾದ ಮೇಲೆ ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳು ಇದರಲ್ಲಿ ಉಳಿದವು. ಧರ್ಮಪ್ರಾಂತ್ಯ ಹುಟ್ಟಿದ ಹೊತ್ತಿಗೆ ರೋಮಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ (1962–65) ನಡೆಯುತ್ತಿತ್ತು. ಧರ್ಮಸಭೆಯ ಕಾರ್ಯದಲ್ಲಿ ಶ್ರೀಸಾಮಾನ್ಯ ಭಕ್ತರಿಗೂ ಪಾಲಿದೆ ಎಂಬುದನ್ನು ಆ ಸಭೆ ಒತ್ತಿ ಹೇಳಿತು.

ಕರಾವಳಿಯಿಂದ ಬಂದ ರೂಢಿಯಲ್ಲಿ ಧರ್ಮಕೇಂದ್ರವನ್ನು ವಾಳೆಗಳಾಗಿ ವಿಂಗಡಿಸುತ್ತಾರೆ. ಪ್ರತಿ ವಾಳೆಗೂ ಒಬ್ಬ ಗುರಿಕಾರರು. ಯಾರ ಮನೆಯಲ್ಲಿ ಕಾಯಿಲೆ, ಯಾವ ಮಗುವಿನ ಶಾಲಾ ಶುಲ್ಕ ಬಾಕಿ, ತೋಟದ ಕೂಲಿಯವರ ಯಾವ ಲೈನ್ ಮನೆಗೆ ಹೊಸ ಕುಟುಂಬ ಬಂದಿದೆ ಎಂಬುದು ಗುರುಗಳಿಗಿಂತ ಮೊದಲು ತಿಳಿಯುವುದು ಅವರಿಗೆ. ವಾಳೆಯ ಪ್ರತಿನಿಧಿಗಳು ಪಾಲನಾ ಮಂಡಳಿಯಲ್ಲಿ ಕೂತು ಧರ್ಮಗುರುಗಳಿಗೆ ಸಲಹೆ ನೀಡುತ್ತಾರೆ.

ಹಣದ ವಿಷಯದಲ್ಲಿ ನಿಯಮ ಇನ್ನೂ ಬಿಗಿ. 1983ರ ಧರ್ಮಸಭಾ ಕಾನೂನಿನ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು. ಒಂದು ಉದ್ದೇಶಕ್ಕೆಂದು ಕೊಟ್ಟ ಕಾಣಿಕೆ ಅದಕ್ಕೇ ಸಲ್ಲಬೇಕು. ಸೂರಿನ ದುರಸ್ತಿಗೆಂದು ಬಂದ ದುಡ್ಡನ್ನು ಹಬ್ಬದ ಪೆಂಡಾಲಿಗೆ ತೆಗೆಯುವಂತಿಲ್ಲ. ಚರ್ಚಿನ ಆಸ್ತಿ ನೋಡಿಕೊಳ್ಳುವವರು ಒಳ್ಳೆಯ ಮನೆ ಯಜಮಾನನ ಎಚ್ಚರದಿಂದ ನಡೆಯಬೇಕು, ಭಕ್ತರು ಕೊಟ್ಟದ್ದರ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕು ಎಂದೂ ಕಾನೂನು ಹೇಳುತ್ತದೆ. ಎಲ್ಲವೂ ದೇವರದು, ಮನುಷ್ಯ ನೋಡಿಕೊಳ್ಳುವವನಷ್ಟೇ ಎಂಬ ನಂಬಿಕೆ ಈ ನಿಯಮಗಳ ಹಿಂದಿದೆ. ಸಮಯ, ಪ್ರತಿಭೆ, ಸಂಪತ್ತು ಮೂರನ್ನೂ ಹಾಗೆಯೇ ಕಾಣಬೇಕೆಂಬುದು ಇದರ ಸಾರ.

ಕಾಫಿ ಸೀಮೆಯಲ್ಲಿ ಸಮಯ ಕೊಡುವುದು ಸುಲಭವಲ್ಲ. ನವೆಂಬರಿನಿಂದ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೊಬಸ್ಟಾ. ಕಣದಲ್ಲಿ ಹಣ್ಣು ಹರಡಿದ ಮೇಲೆ ಯಾರಿಗೂ ಬಿಡುವಿಲ್ಲ. ಜೂನ್ ನಂತರ ಮಳೆ ದಾರಿಗಳನ್ನೇ ಕಟ್ಟಿಹಾಕುತ್ತದೆ. ಹೆಂಚು ತಿರುವುವುದು, ಚರಂಡಿ ಬಿಡಿಸುವುದು ಮುಂತಾದ ಕೆಲಸಗಳು ಮಳೆಗೆ ಮುಂಚೆಯೇ ಮುಗಿಯಬೇಕು.

ಎಲ್ಲರ ಕೈ ಒಟ್ಟಿಗೆ ಸೇರುವುದು ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬವಾದ ಮೊಂತಿ ಹಬ್ಬದಲ್ಲಿ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಮರಿಯಮ್ಮನವರಿಗೆ ಹೂ ಅರ್ಪಿಸುತ್ತಾರೆ. ಸೆಪ್ಟೆಂಬರ್ 8ರಂದು ಹೊಸ ತೆನೆಗೆ ಆಶೀರ್ವಾದವಾಗುತ್ತದೆ. ಗದ್ದೆಯಿಂದ ತೆನೆ ಕೊಯ್ದು ತರುವವರು ಒಬ್ಬರು, ಪ್ರತಿ ಕುಟುಂಬಕ್ಕೂ ಸಾಕಾಗುವಂತೆ ಅದನ್ನು ಬಿಡಿಸಿಡುವವರು ಇನ್ನೊಬ್ಬರು, ಸಾಲು ನಿಂತ ಮಕ್ಕಳಿಗೆ ಕಬ್ಬು ಹಂಚುವವರು ಯುವಕರು. ಮನೆಗೆ ಒಯ್ದ ತೆನೆಯ ಅಕ್ಕಿಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಸೇವಿಸುತ್ತಾರೆ.

ಹಬ್ಬದಾಚೆಗೂ ಸೇವೆಯಿದೆ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡೆರಿಕ್ ಒಝಾನಮ್ ಮತ್ತು ಗೆಳೆಯರು ಕಟ್ಟಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಭಾರತದ ಅನೇಕ ಚರ್ಚುಗಳಲ್ಲಿ ಬೇರೂರಿದೆ. ಅದರ ಸದಸ್ಯರು ಬಡವರನ್ನು ಚರ್ಚಿನ ಬಾಗಿಲಿಗೆ ಕರೆಸಿಕೊಳ್ಳುವುದಿಲ್ಲ, ತಾವೇ ಅವರ ಮನೆಗೆ ಹೋಗುತ್ತಾರೆ. ಸಭೆಯಲ್ಲಿ ಗುಟ್ಟಿನ ಚೀಲ ಸುತ್ತುತ್ತದೆ. ಯಾರು ಎಷ್ಟು ಹಾಕಿದರೆಂಬುದು ಯಾರಿಗೂ ತಿಳಿಯದು. ಹೀಗಾಗಿ ಕೊಡುವವರಿಗೆ ಹೆಸರಿನ ಆಸೆಯಿಲ್ಲ, ಪಡೆಯುವವರಿಗೆ ನಾಚಿಕೆಯಿಲ್ಲ.

ಸವಾಲುಗಳೂ ಇವೆ. ಓದಿದ ಯುವಜನರು ಬೆಂಗಳೂರು, ಗಲ್ಫ್ ಎಂದು ಹೊರಟುಹೋಗುವುದರಿಂದ ಹೊಣೆ ಕೆಲವೇ ಹಿರಿಯರ ಹೆಗಲಿಗೆ ಬೀಳುತ್ತದೆ. ತೋಟದ ಮಾಲೀಕರು ದೇಣಿಗೆ ಕೊಟ್ಟು, ಕೂಲಿಯವರು ಮೈಮುರಿದು ದುಡಿದು, ತೀರ್ಮಾನ ಮಾತ್ರ ಕೆಲವರೇ ಮಾಡುವಂತಾದರೆ ಸೇವೆಯ ಅರ್ಥವೇ ಕೆಡುತ್ತದೆ. ಲೈನ್ ಮನೆಯವರಿಗೂ ಮಹಿಳೆಯರಿಗೂ ಮಂಡಳಿಯಲ್ಲಿ ಜಾಗ ಸಿಗಬೇಕು, ವರ್ಷದ ಲೆಕ್ಕ ಎಲ್ಲರ ಮುಂದೆ ಓದಬೇಕು, ಹೊಣೆ ಕಾಲಕಾಲಕ್ಕೆ ಕೈ ಬದಲಾಗಬೇಕು. ಆಗಲೇ ಚರ್ಚು ತಮ್ಮದೆಂಬ ಭಾವ ಎಲ್ಲ ಮನೆಗಳಲ್ಲೂ ಉಳಿಯುತ್ತದೆ.